ಒಂದು ಗೇಣು ಸಮುದ್ರ

ಸಮುದ್ರ ಕಾಣದವರು ಸಮುದ್ರದ ಪಾಠ ಮಾಡಬಾರದು ಅಂತ ಯಾವ ಸರಕಾರವೂ ಕಾಯ್ದೆ ಮಾಡಿಲ್ಲ. ಮಾಡಿದ್ದರೆ ನಮ್ಮ ಸೀಮೆಯ ಭೂಗೋಳದ ಮಾಸ್ತರರೆಲ್ಲ ಮನೆ ಹಿಡಿದು ಕೂಡಬೇಕಾಗುತ್ತಿತ್ತು. ಗದಗ, ಶಿರಹಟ್ಟಿ, ಮುಂಡರಗಿ, ಎಲ್ಲಿ ನಿಂತು ನೋಡಿದರೂ ಕಾಣುವುದು ಎರೆ ಹೊಲ, ಅದರಾಚೆ ಇನ್ನೊಂದು ಎರೆ ಹೊಲ, ಬಹಳವಾದರೆ ಕಪ್ಪತಗುಡ್ಡ. ಆದರೂ ಲಕ್ಷ್ಮೇಶ್ವರದ ಶಾಲೆಯಲ್ಲಿ ಒಬ್ಬರು ಇಪ್ಪತ್ತು ವರ್ಷಕ್ಕೂ ಮೇಲೆ ಸಮುದ್ರವನ್ನು ಕಲಿಸಿದರು. ಅವರ ಕೈಯಲ್ಲಿ ಕಲಿತವರು ಕೊಲ್ಲಿ ಯಾವುದು, ಭೂಶಿರ ಯಾವುದು ಅಂತ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದರು. ಊರು ಅವರಿಗೆ ‘ಸಮುದ್ರ ಮಾಸ್ತರು’ ಅಂತ ಹೆಸರಿಟ್ಟಿತ್ತು.

ಅವರು ತೀರಿಕೊಂಡ ಸುದ್ದಿಯ ಕಾರ್ಡು ಹೋದ ತಿಂಗಳು ಮುಂಡರಗಿಯ ನನ್ನ ಶಾಲೆಗೆ ಬಂತು. ಏಕೀಕರಣವಾದ ಮೇಲಿನ ಹೊಸ ರಾಜ್ಯದ ನಕಾಶೆ ಬಂದದ್ದೂ ಅದೇ ವಾರ. ಕಾರ್ಡು ಬರೆದವರು ಯಾರು, ಅದರಲ್ಲಿ ಏನಿತ್ತು ಅನ್ನುವುದನ್ನು ಕಡೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಮಾಸ್ತರರ ಚಿತ್ರ ಕೆಡುತ್ತದೆ.

ನಾನು ಲಕ್ಷ್ಮೇಶ್ವರದ ಶಾಲೆಗೆ ಸಣ್ಣ ಮಾಸ್ತರನಾಗಿ ಸೇರಿದಾಗ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಪಕ್ಕದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಗದಗ-ಬೆಟಗೇರಿ ಇಂಗ್ಲಿಷರ ಮುಂಬಯಿ ಪ್ರಾಂತದ್ದು, ಕೊರ್ಲಹಳ್ಳಿಯಲ್ಲಿ ಹೊಳೆ ದಾಟಿದರೆ ಮದರಾಸು ಪ್ರಾಂತ. ಎರಡು ದಿನದ ಚಕ್ಕಡಿ ಹಾದಿಯೊಳಗೆ ನಾಲ್ಕು ಸರಕಾರ! ಮೊದಲ ದಿನ ವರಾಂಡದಲ್ಲಿ ಹೋಗುತ್ತಿದ್ದಾಗ ಒಂದು ಕೋಣೆಯಲ್ಲಿ ನಲವತ್ತು ದಾಟಿದ ಒಬ್ಬರು, ತೇಪೆ ಹಾಕಿದ ಕರಿಕೋಟು, ಕಚ್ಚೆ ಧೋತರ, ನೆಲದ ಮೇಲೆ ಮಂಡಿಯೂರಿ ದೊಡ್ಡ ನಕಾಶೆಯನ್ನು ಹಾಸಿ ಅದನ್ನು ಗರಗರ ತಿರುಗಿಸುತ್ತಿದ್ದರು. ಸುತ್ತ ಹುಡುಗರು, ಹುಡುಗಿಯರು. ನಕಾಶೆಯನ್ನು ಗೋಡೆಗೆ ಹಾಕುವುದು ಬಿಟ್ಟು ಇದೇನು ಅಂತ ನಾನು ಬಾಗಿಲಲ್ಲಿ ನಿಂತೆ.

“ಗ್ವಾಡಿಗೆ ಹಾಕಿದ್ರ ಇವು ಉತ್ತರ ಅಂದ್ರ ಮ್ಯಾಲೆ ಅಂತ ತಿಳೀತಾವ. ಉತ್ತರ ದಿಕ್ಕು ಮುಗಿಲಾಗ ಅದ ಏನು?” ಅಂತ ನನ್ನನ್ನೇ ಕೇಳಿದರು. “ಮೊದಲ ನೆಲಕ್ಕ ಹಾಸಬೇಕು, ನಕಾಶೆದ ಉತ್ತರಾ ಊರಿನ ಉತ್ತರಕ್ಕ ಕೂಡಿಸಬೇಕು. ಆಮ್ಯಾಲೆ ಬೇಕಾದ್ರ ಗ್ವಾಡಿಗೆ ಹಾಕ್ರಿ, ಜಂತಿಗೆ ಹಾಕ್ರಿ. ನಕಾಶೆ ಎಂದೂ ಸುಳ್ಳ ಹೇಳೂದಿಲ್ಲ ಸಣ್ಣ ಮಾಸ್ತರ, ಹಿಡಿದವರು ತಲಿಕೆಳಗ ಹಿಡೀತಾರ.”

ಅಂದಿನಿಂದ ನಾನು ಅವರಿಗೆ ಸಣ್ಣ ಮಾಸ್ತರನೇ. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಕಡಿಮೆ.

ಸಮುದ್ರ ದಂಡೆಯ ಪಾಠವನ್ನು ಅವರು ಕಲಿಸುತ್ತಿದ್ದ ರೀತಿ ಬೇರೆ ಯಾವ ಶಾಲೆಯಲ್ಲೂ ಇದ್ದಿರಲಾರದು. ಅದನ್ನು ಹುಟ್ಟಿಸಿದ್ದು ಒಬ್ಬ ಹುಡುಗಿಯಂತೆ. ಸುತ್ತ ನೀರಿರುವ ನೆಲವೇ ದ್ವೀಪ ಅಂತ ಇವರು ಹೇಳುತ್ತಿದ್ದಾಗ ಆ ಹುಡುಗಿ ಎದ್ದು ನಿಂತು, “ಹಂಗಾರ ನಮ್ಮೂರೂ ದ್ವೀಪ ಆತಲ್ರೀ ಮಾಸ್ತರ್ರ. ಸುತ್ತೂಕಡೆ ಬ್ಯಾರೆದವರ ನೆಲಾ ಐತಿ” ಅಂದಳಂತೆ. ಬೇರೆಯವರಾಗಿದ್ದರೆ ಕೂತ್ಕೋಲೇ ಅನ್ನುತ್ತಿದ್ದರು. ಇವರು ಮರುದಿನವೇ ಶಾಲೆಯ ಹಿಂದಿನ ಗೋಡೆಯ ಮೇಲೆ ಸಂಸ್ಥಾನದ ನಕಾಶೆ ಬರೆದರು. ನಮ್ಮ ನೆಲಕ್ಕೆ ಕೆಮ್ಮಣ್ಣು, ಬೇರೆಯವರ ನೆಲಕ್ಕೆಲ್ಲ ಅರಿವೆಗೆ ಹಾಕುವ ನೀಲಿ. ನಮ್ಮ ಗಡಿ ಇಂಗ್ಲಿಷರ ನೆಲದೊಳಗೆ ಚಾಚಿಕೊಂಡಲ್ಲಿ ಭೂಶಿರ, ಅವರ ಗಡಿ ನಮ್ಮೊಳಗೆ ಹೊಕ್ಕಲ್ಲಿ ಕೊಲ್ಲಿ. ಒಂಟಿಯಾಗಿ ಹೊರಗೆ ಉಳಿದ ಹಳ್ಳಿಯೊಂದು ದ್ವೀಪ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಮಕ್ಕಳನ್ನು ಗಡಿಕಲ್ಲಿನವರೆಗೆ ನಡೆಸಿಕೊಂಡು ಹೋಗುತ್ತಿದ್ದರು. “ಇದ ನಮ್ಮ ದಂಡಿ. ಈ ಕಡೆ ನೆಲಾ, ಆ ಕಡೆ ನೀರು.” ಹುಡುಗರು ಕಲ್ಲಿನಾಚೆ ಜಿಗಿದು “ಮುಳುಗಿದ್ನ್ಯೋ, ಸತ್ನ್ಯೋ” ಅಂತ ಎರೆ ಮಣ್ಣಿನಲ್ಲಿ ಕೈಕಾಲು ಬಡಿಯುತ್ತಿದ್ದರು. ಮಾಸ್ತರರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆದರೆ ತಾವು ಆ ಕಲ್ಲು ದಾಟಿ ಜಿಗಿದದ್ದನ್ನು ನಾನು ನೋಡಲಿಲ್ಲ.

ಅಲೆಗಳ ಪಾಠಕ್ಕೆ ಬಿಳಿಜೋಳ ಎದೆಮಟ್ಟ ಬರುವವರೆಗೆ ಕಾಯುತ್ತಿದ್ದರು. ಮೂಡಗಾಳಿ ಬೀಸುವಾಗ ಹೊಲದ ಬದುವಿನ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, “ಅಲಿ ಎಲ್ಲಿಂದ ಎಲ್ಲಿಗೆ ಹೋತು?” ಅನ್ನುವರು. ಆ ಬದುವಿನಿಂದ ಈ ಬದುವಿಗೆ ಬಂತು ಅಂತ ಮಕ್ಕಳು. “ಮತ್ತ ದಂಟು?” ದಂಟು ಇದ್ದಲ್ಲೇ ಇದೆ. “ನೀರೂ ಹಂಗ. ಅಲಿ ಊರ ತಿರಗತದ, ನೀರು ನಿಂತಲ್ಲೇ ನಿಂತು ತಲಿ ಬಾಗಸ್ತದ.”

ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ಇಳಿಯುತ್ತಿತ್ತು. ಯಾಕೆ ಅಂತ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಅವರದು ತಲೆತಲಾಂತರದಿಂದ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಮನೆಗೆ ಹತ್ತಿಕೊಂಡೇ ಒಂದು ಸಣ್ಣ ಹನುಮಪ್ಪನ ಗುಡಿ, ಅದಕ್ಕೆ ಬಿಟ್ಟ ಒಂದಿಷ್ಟು ಹೊಲ. ಅಜ್ಜಂದಿರ ಕಾಲದಲ್ಲಿ ಅಣ್ಣತಮ್ಮಂದಿರ ಎರಡು ಮನೆಗಳಿಗೆ ಈ ಪೂಜೆಯ ಸಲುವಾಗಿ ದೊಡ್ಡ ಜಗಳವಾಗಿ ಹಿರಿಯರು ಒಂದು ಕರಾರು ಬರೆಸಿದ್ದರು. ಪೂಜೆ ಇವರ ಮನೆಗೆ. ಆದರೆ ಯಾವ ಸಂಜೆ ಇವರ ಮನೆಯ ದೀಪ ತಪ್ಪಿ ಆ ಮನೆಯವರ ಕೈಯಿಂದ ದೀಪ ಹತ್ತುತ್ತದೋ, ಅಂದಿನಿಂದ ಗುಡಿ ಆ ಮನೆಗೆ. ಆ ಮನೆ ಎಲ್ಲೋ ಇರಲಿಲ್ಲ, ಓಣಿಯ ಎದುರಿಗೇ ಇತ್ತು. ಅಲ್ಲಿ ಇವರ ದಾಯಾದಿ ತಮ್ಮ ಇದ್ದ, ಚಿಕ್ಕಪ್ಪನ ಮಗ. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತ ಗುಡಿಯ ಬಾಗಿಲನ್ನೇ ನೋಡುತ್ತಿದ್ದ. ಮಾತು ಬಿಟ್ಟು ಎಷ್ಟು ವರ್ಷವಾಗಿತ್ತೋ ಇಬ್ಬರಿಗೂ ನೆನಪಿರಲಿಲ್ಲ.

ಮಾಸ್ತರರ ಹೆಂಡತಿ ಬೇಗ ತೀರಿಹೋಗಿದ್ದರು, ಮಕ್ಕಳಿಲ್ಲ. ಮನೆಯಲ್ಲಿ ಇದ್ದವರು ಅಕ್ಕ ಒಬ್ಬರೇ, ಹತ್ತೊಂಬತ್ತಕ್ಕೇ ಗಂಡನನ್ನು ಕಳಕೊಂಡು ವಿಧವೆಯ ಕೆಂಪು ಸೀರೆ ಉಟ್ಟು ತವರಿಗೆ ಬಂದವರು. ಮಂತ್ರವೆಲ್ಲ ಬಾಯಿಪಾಠ, ಆದರೆ ಗರ್ಭಗುಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಹೀಗಾಗಿ ದೀಪಕ್ಕೆ ಮಾಸ್ತರರ ಎರಡು ಕೈಗಳೇ ಗತಿ.

ಸಂಜೆ ಐದಾಯಿತೆಂದರೆ ಅವರು ಮನುಷ್ಯರಾಗಿ ಉಳಿಯುತ್ತಿರಲಿಲ್ಲ. ಮಾತಾಡುತ್ತಿದ್ದವರು ತಟ್ಟನೆ ಮುಗಿಲು ನೋಡುವರು. ಒಮ್ಮೆ ಹುಲಕೋಟಿಯಲ್ಲಿ ಅವರ ದೂರದ ನೆಂಟರ ಪೈಕಿ ಒಂದು ಲಗ್ನ. ನಾನೂ ಹೋಗಿದ್ದೆ. ಊಟಕ್ಕೆ ತಡವಾಯಿತು. ಹೋಳಿಗೆ ಎಲೆಗೆ ಬಿದ್ದು ತುಪ್ಪ ಹಾಕುತ್ತಿದ್ದಾಗ ಇವರು ಎದ್ದೇಬಿಟ್ಟರು. ಬೀಗರು “ಎಲಿ ಬಿಟ್ಟು ಏಳಬಾರದ್ರಿ” ಅಂತ ಕೈ ಹಿಡಿದರೆ ಕೈ ಕೊಸರಿಕೊಂಡು ಬಾಡಿಗೆ ಸೈಕಲ್ ಹತ್ತಿ ಹೋದರು. ಹಿಂದೆ ಬೀಗರ ಮನೆಯ ಹೆಣ್ಣುಮಕ್ಕಳು ಆಡಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಮರುದಿನ ಶಾಲೆಯಲ್ಲಿ ನಾನು ಚೇಷ್ಟೆ ಮಾಡಿದೆ, “ಹೋಳಿಗಿ ನಿಮ್ಮ ಹೆಸರಲೆ ನಾ ತಿಂದ್ನಿ, ಮಾಸ್ತರ್ರ.” ಅವರು ನಗಲಿಲ್ಲ. “ಹಗ್ಗ ಕಾಣೂದಿಲ್ಲ ನಿನಗ. ಇಲ್ಲೆ ಅದ ನೋಡು” ಅಂತ ಎದೆಯ ಮೇಲೆ ಬೆರಳಿಟ್ಟರು.

ಅವತ್ತೇ ನನಗೆ ಅವರ ಆಸೆ ಗೊತ್ತಾದದ್ದು. ಅಂಗುಲಕ್ಕೆ ಹತ್ತು ಮೈಲಿಯ ನಕಾಶೆಯನ್ನು ನೆಲಕ್ಕೆ ಹಾಸಿ, ಹೆಬ್ಬೆರಳನ್ನು ಲಕ್ಷ್ಮೇಶ್ವರದ ಮೇಲೆ ಊರಿ ಕೈ ಅಗಲ ಮಾಡಿದರು. ಕಿರುಬೆರಳು ಅಂಕೋಲೆಯ ದಂಡೆಗೆ ಮುಟ್ಟಿತು. “ಒಂದ ಗೇಣು. ಸಮುದ್ರ ನನಗ ಒಂದ ಗೇಣು ದೂರ ಅದ. ಮೋಟಾರಿನ್ಯಾಗ ಹೋಗಿ ಬರಲಿಕ್ಕೆ ಎರಡ ದಿನ, ನಡುವ ಒಂದ ಸಂಜಿ. ಆ ಒಂದ ಸಂಜಿ ಇಪ್ಪತ್ತ ವರ್ಷಾತು, ನನಗ ಸಿಗವಲ್ತು.”

ಆಮೇಲೆ ಸ್ವಾತಂತ್ರ್ಯ ಬಂತು. ಅದರ ಮುಂದಿನ ವರ್ಷ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ನಮ್ಮ ಶಾಲೆಗೆ ಧಾರವಾಡದ ಕಡೆಯಿಂದ ಹೊಸ ದೀಪೂಟಿ ಸಾಹೇಬರು ತಪಾಸಣೆಗೆ ಬಂದರು. ಹಿಂದಿನ ಗೋಡೆ ನೋಡಿ ಅವರ ಹುಬ್ಬು ಮೇಲೇರಿತು.

“ಏನ್ರೀ ಇದು? ಇಲ್ಲದ ಗಡಿ ಕಲಿಸಾಕ ಹತ್ತೀರಲ್ಲ? ದೇಶ ಒಂದಾಗೇತಿ.”

“ಸಾಹೇಬ್ರ, ಗಡಿ ಅಲ್ರಿ, ದಂಡಿ. ಮಕ್ಕಳಿಗೆ ಸಮುದ್ರ...”

“ಸುಣ್ಣಾ ಬಳಿಸ್ರಿ.”

ಸುಣ್ಣ ಬಳಿಸಿದೆವು. ಕೊಲ್ಲಿ, ಭೂಶಿರ, ದ್ವೀಪ ಎಲ್ಲ ಅರ್ಧ ತಾಸಿನಲ್ಲಿ ಹೋದವು. ಮಾಸ್ತರರು ಪಕ್ಕದಲ್ಲಿ ನಿಂತು, “ದೇಶ ಒಂದಾಗಿದ್ದು ಛೊಲೊ ಆತು. ಆದ್ರ ನನ್ನ ಸಮುದ್ರ ಬತ್ತಿಹೋತು ನೋಡು” ಅಂದು ನಕ್ಕರು. ಆ ನಗೆ ನನಗೆ ಇಷ್ಟವಾಗಲಿಲ್ಲ. ಗಡಿ ಹೋದದ್ದು ಊರಿಗೆಲ್ಲ ಹೋಯಿತು, ಮಾಸ್ತರರ ಓಣಿಯ ನಡುವೆ ಇದ್ದದ್ದು ಹೋಗಲಿಲ್ಲ.

ದೀಪೂಟಿ ಸಾಹೇಬರು ಕೆಟ್ಟವರಲ್ಲ. ಸಂಸ್ಥಾನದ ಹಳೇ ಮಾಸ್ತರರಿಗೆ ಹೊಸ ಭೂಗೋಳ ತಿಳಿಯಲಿ ಅಂತ ಅವರೇ ಹೆಸರು ಬರೆದು ಕಳಿಸಿದರು. ಎರಡು ತಿಂಗಳಿಗೆ ಹುಕುಂ ಬಂತು. ಮಾಸ್ತರರೂ ನಾನೂ ಹನ್ನೆರಡು ದಿನದ ತರಬೇತಿಗೆ ಹೋಗಬೇಕು. ಎಲ್ಲಿಗೆ? ಕಾರವಾರಕ್ಕೆ!

ಹುಕುಂ ಓದಿ ಅವರು ಅದನ್ನು ಮಡಚಿ ಕೋಟಿನ ಕಿಸೆಗೆ ಹಾಕಿಕೊಂಡರು. ಮೂರು ದಿನ ಅದನ್ನು ತೆಗೆದು ತೆಗೆದು ಓದಿದರು. ನಾಲ್ಕನೆಯ ದಿನ ಪ್ರಕೃತಿ ನೆಟ್ಟಗಿಲ್ಲ, ಬರಲಾಗದು ಅಂತ ಅರ್ಜಿ ಬರೆಯಲು ಕೂತರು. ನಾನು ಅರ್ಜಿ ಕಸಿದುಕೊಂಡು ನೆಟ್ಟಗೆ ಅವರ ಮನೆಗೇ ಹೋದೆ. ಅಕ್ಕ ಹಿತ್ತಲಲ್ಲಿ ಬತ್ತಿ ಹೊಸೆಯುತ್ತಿದ್ದರು. ಹಿಂದೆಯೇ ಬಂದ ತಮ್ಮನ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡರು.

“ಹೋಗಿ ಬಾ. ಮುಂಜಾನಿ ಪೂಜಿ, ಸಂಜಿ ದೀಪಾ ನಾ ನೋಡಿಕೋತೀನಿ. ಬಾಗಲಾ ಮುಚ್ಚಿ ಹಚ್ಚತೀನಿ, ಆಮ್ಯಾಲೆ ತಗೀತೀನಿ. ಓಣಿಯವರಿಗೆ ದೀಪಾ ಕಾಣತದ, ಕೈ ಕಾಣೂದಿಲ್ಲ.”

“ಅಕ್ಕಾ, ನೀನು ಒಳಗ...”

“ಹೂಂ, ನಾನು. ಹನುಮಪ್ಪಗ ನನ್ನ ಕೈ ಬ್ಯಾಡಾದ್ರ ಅವನ ಹೇಳಲಿ. ಅವನೂ ಬ್ರಹ್ಮಚಾರಿ, ಸಮುದ್ರ ಹಾರಿದಾಂವ. ನೀ ನೋಡಿಯರ ಬಾ.”

ಅಂಥ ಮಾತು ಆ ಬಾಯಿಂದ ಬಂದೀತೆಂದು ನಾನು ಎಣಿಸಿರಲಿಲ್ಲ. ಮಾಸ್ತರರು ಅಲ್ಲೇ ಹಿತ್ತಲ ಕಟ್ಟೆಯ ಮೇಲೆ ಕೂತು ಮಕ್ಕಳ ಹಾಗೆ ಅತ್ತರು.

ಹೊರಟ ದಿನ ಅವರು ಮುಂಜಾನೆಯ ಪೂಜೆ ಮುಗಿಸಿ, ಟ್ರಂಕು ಹಿಡಿದು ಬಂದರು. ಎದುರಿನ ಕಟ್ಟೆಯ ಮೇಲೆ ದಾಯಾದಿ ತಮ್ಮ ಕೂತೇ ಇದ್ದ. ಹುಬ್ಬಳ್ಳಿಯವರೆಗೆ ದಾರಿಯುದ್ದಕ್ಕೂ ಮಾಸ್ತರರು ಬಾಯಿ ಮುಚ್ಚಲಿಲ್ಲ. ಕೋಟಿನ ಕಿಸೆಯಿಂದ ಒಂದು ಹಾಳೆ ತೆಗೆದು ತೋರಿಸಿದರು. ದಂಡೆಯ ಮೇಲೆ ನೋಡಿ ಬರೆದುಕೊಳ್ಳಬೇಕಾದ ಪ್ರಶ್ನೆಗಳು. ಒಂದು ಅಲೆ ಬಂದ ಮೇಲೆ ಇನ್ನೊಂದು ಬರುವಷ್ಟರಲ್ಲಿ ಎಷ್ಟು ಎಣಿಸಬಹುದು? ಭರತದ ಗುರುತಿನಿಂದ ಇಳಿತದ ಗುರುತಿಗೆ ಎಷ್ಟು ಹೆಜ್ಜೆ? ಮರಳು ಕೊಲ್ಲಿಯೊಳಗೆ ಹೆಚ್ಚೋ, ಭೂಶಿರದ ಬುಡದಲ್ಲೋ? ನೀರಿನ ಮೇಲೆ ಬಿದ್ದ ಕಟ್ಟಿಗೆ ಅಲೆಯ ಕೂಡ ಮುಂದೆ ಬರುತ್ತದೋ, ಇದ್ದಲ್ಲೇ ಏಳುತ್ತ ಬೀಳುತ್ತ ಇರುತ್ತದೋ?

ಹುಬ್ಬಳ್ಳಿಯಲ್ಲಿ ಕಾರವಾರದ ಮೋಟಾರು ನಿಂತಿತ್ತು. ಹತ್ತಿದೆವು. ಕಿಡಕಿಯ ಜಾಗ ಅವರಿಗೆ ಬಿಟ್ಟುಕೊಟ್ಟೆ. ಕೂತವರೇ ಹೊರಗೆ ತಲೆ ಹಾಕಿದರು. ಮುಗಿಲು ನೋಡಿದರು. ಹೊತ್ತು ನೆತ್ತಿಗೆ ಬಂದಿತ್ತು. ಡ್ರೈವರ್ ಗಾಡಿ ಚಾಲೂ ಮಾಡಿದ, ಕಂಡಕ್ಟರ್ ಬಾಗಿಲು ಹಾಕಲು ಬಂದ. ಮಾಸ್ತರರು ಎದ್ದು ನಿಂತರು.

“ಮಾಸ್ತರ್ರ, ಕುಂಡ್ರಿ.”

“ಈಗ ಹೊರಟ್ರ ದೀಪದ ಹೊತ್ತಿಗೆ ಮುಟ್ಟತೀನಿ.”

“ಅಕ್ಕ ಅದಾರಲ್ರಿ!”

“ಅಕೀ ಕಾಲು ಹೊಸ್ತಿಲದಾಗ ನಡಗತಾವ. ಅಂವ ಕಟ್ಟಿ ಮ್ಯಾಲೆ ಕೂತಿದ್ದಾ, ನೋಡಿದಿಲ್ಲೋ? ಒಂದ ಸಂಜಿ ಸಾಕು ಅವಗ, ಒಂದ ಸಂಜಿ.”

ಕಂಡಕ್ಟರ್ ಬೈದ. “ಏರೂದಾರ ಏರ್ರಿ, ಇಳಿಯೂದಾರ ಇಳೀರ್ರಿ ಯಜಮಾನ್ರ. ಮಂದಿ ಕುಂತೈತಿ.” ನಾನು ಅವರ ಕೋಟಿನ ತುದಿ ಹಿಡಿದುಕೊಂಡೆ, ಖರೆ ಹೇಳುತ್ತೇನೆ, ಹಿಡಿದು ಜಗ್ಗಿದೆ. ಹುಲಕೋಟಿಯಲ್ಲಿ ಬೀಗರ ಕೈ ಕೊಸರಿದ ಹಾಗೆಯೇ ಕೊಸರಿಕೊಂಡರು. ಪ್ರಶ್ನೆಯ ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟು ಇಳಿದುಹೋದರು. ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರೆ. ಇಲ್ಲಿ ಪೂಜಾರಿ ತನಗೆ ತಾನೇ ಕೊಟ್ಟುಕೊಳ್ಳಲಿಲ್ಲ. ಗಾಡಿ ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ, ಟ್ರಂಕು ಹೊತ್ತು ಲಕ್ಷ್ಮೇಶ್ವರದ ಮೋಟಾರಿನ ಕಡೆಗೆ ಓಡುತ್ತಿದ್ದರು.

ಹನ್ನೆರಡು ದಿನ ನಾನು ಅವರ ಪ್ರಶ್ನೆಗಳ ಆಳಾಗಿ ದುಡಿದೆ. ಹೆಜ್ಜೆ ಎಣಿಸಿದೆ, ಕಟ್ಟಿಗೆ ಚೂರು ಎಸೆದೆ, ಕಾಳಿ ನದಿಯ ಅಳಿವೆಯಲ್ಲಿ ಮರಳಿನ ದಿಣ್ಣೆ ಅಳೆದೆ. ಆದರೆ ಮೊದಲ ದಿನ ದಂಡೆಗೆ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹಾಳೆಯಲ್ಲಿ ಇಲ್ಲದ ಒಂದು ಸಂಗತಿ. ಸಪ್ಪಳ. ಸಮುದ್ರಕ್ಕೆ ಅಷ್ಟು ದೊಡ್ಡ ದನಿ ಇದೆ ಅಂತ ಮಾಸ್ತರರ ಪಾಠದಲ್ಲಿ ಎಂದೂ ಬಂದಿರಲಿಲ್ಲ. ನಕಾಶೆಯಲ್ಲಿ ದನಿ ಎಲ್ಲಿಂದ ಬರಬೇಕು?

ತಿರುಗಿ ಬಂದಾಗ ಅವರು ಸೊರಗಿದ್ದರು. ಅಂದಿನ ಸಂಜೆಯ ಕಥೆ ಅವರೇ ಹೇಳಿದರು. ಮೋಟಾರು ತಡವಾಗಿ, ಓಣಿಯ ತಿರುವಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು, ಗುಡಿಯಲ್ಲಿ ದೀಪ ಉರಿಯುತ್ತಿತ್ತು. ಅಕ್ಕ ಹೊಸ್ತಿಲ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದರು. ಹಚ್ಚಿದೆಯಾ ಅಂತ ಕೇಳಿದರೆ, “ದೀಪಾ ಹತ್ತೇದ, ಕಾಣೂದಿಲ್ಲೇನು?” ಅಂದು ಒಳಗೆ ಹೋದರಂತೆ.

“ನನ್ನ ಸಮುದ್ರದ ಹುಚ್ಚಿಗೆ ಅಕ್ಕನ ಕೈಲೆ ತಪ್ಪ ಮಾಡಿಸಿದೆ. ಮೂರ ದಿನಾ ಉಪಾಸ ಮಾಡಿದೆ. ಇನ್ನ ಆ ಮಾತು ಬ್ಯಾಡ” ಅಂದರು.

ಬೇಡ ಅಂದವರೇ ಹಾಳೆ ಕೇಳಿದರು. ಒಂದೊಂದೇ ಉತ್ತರ ಓದಿದೆ. ಅಲೆ ಒಡೆಯುವ ಜಾಗದಾಚೆ ಕಟ್ಟಿಗೆ ಇದ್ದಲ್ಲೇ ಏಳುತ್ತ ಬೀಳುತ್ತ ಇತ್ತು ಅಂದಾಗ ತಲೆ ಅಲ್ಲಾಡಿಸಿದರು, “ದಂಟು” ಅಂದರು. ಎಲ್ಲ ಮುಗಿದ ಮೇಲೆ ನಾನು, “ಇನ್ನೊಂದ ಐತ್ರಿ. ನೀವು ಕೇಳಿಲ್ಲ. ಅದು ಒದರತೈತ್ರಿ” ಅಂದೆ.

“ಯಾವುದು?”

“ಸಮುದ್ರ. ಊರ ಹೊರಗಿದ್ದಾಗಿಂದ ಕೇಳತೈತಿ.”

“ಯಾವಾಗ ನಿಂದರ್ತದ?”

“ನಿಂದರೂದಿಲ್ರಿ.”

“ಒಂದ ಗಳಿಗಿನೂ?”

“ಇಲ್ರಿ.”

“ಹಂಗಾರ ಅದಕ್ಕೂ ಪಾಳಿ ಬಿಟ್ಟು ಹೋಗಲಿಕ್ಕೆ ಬರೂದಿಲ್ಲಂದಂಗಾತು” ಅಂದು ಎದ್ದು, ಮುಗಿಲು ನೋಡಿ, ಮನೆಯ ಕಡೆ ನಡೆದರು.

ಮುಂದೆ ನನಗೆ ಮುಂಡರಗಿಗೆ ವರ್ಗವಾಯಿತು. ಅವರು ಇನ್ನೂ ಕೆಲವು ವರ್ಷ ಕಲಿಸಿದರು, ನಿವೃತ್ತರಾದರು. ಏಕೀಕರಣದ ದಿನ ಕಾಗದ ಬರೆದಿದ್ದರು: ‘ಕಾರವಾರ ಮೊದಲೇ ನಮ್ಮ ಕೂಡ ಇತ್ತು, ಈಗ ಇಡೀ ನಾಡು ಒಂದೇ ರಾಜ್ಯ, ಒಂದೇ ಬಣ್ಣ. ಮಂಗಳೂರು ದಂಡೆಯೂ ನಮ್ಮದಾಯಿತು. ನಾನು ಕೂತಲ್ಲೇ ಸಮುದ್ರ ಹತ್ತಿರ ಬಂತು.’ ಒಂದು ಸಲವಾದರೂ ಹೋಗಿ ಬನ್ನಿ ಅಂತ ನಾನು ಮೂರು ಕಾಗದ ಬರೆದೆ. ಆ ಮಾತಿಗೆ ಉತ್ತರ ಬರಲಿಲ್ಲ.

ಈಗ ಆ ಕಾರ್ಡು. ಬರೆದವನು ಎದುರು ಮನೆಯ ದಾಯಾದಿ ತಮ್ಮ. ಹದಿಮೂರು ದಿನ ಮುಗಿದ ಮೇಲೆ ಬರೆದದ್ದು, ಅಕ್ಷರ ಸಣ್ಣದು, ಅಂಚಿನವರೆಗೂ ತುಂಬಿಸಿದ್ದ. ಅಣ್ಣ ಮುಂಜಾನೆಯ ಪೂಜೆ ಮುಗಿಸಿ ಹೊಸ್ತಿಲ ಮೇಲೆ ಕೂತವನು ಏಳಲಿಲ್ಲ ಅಂತ ಮೊದಲು. ಆಮೇಲೆ ಹೀಗಿತ್ತು:

‘ಅಂದು ನೀವಿಬ್ಬರೂ ಹೊರಟದ್ದನ್ನು ಕಟ್ಟೆಯ ಮೇಲೆ ಕೂತು ನೋಡಿದ್ದೆ. ಅಣ್ಣ ಸಮುದ್ರಕ್ಕೆ ಹೊರಟನೆಂದು ಊರಿಗೆಲ್ಲ ಗೊತ್ತಿತ್ತು. ಸಂಜೆ ಎಣ್ಣೆಯ ಗಿಂಡಿ ಹಿಡಿದುಕೊಂಡು ಹೋದೆ. ಅಕ್ಕ ಹೊಸ್ತಿಲ ಹೊರಗೆ ಬತ್ತಿ ಹಿಡಿದು ನಿಂತಿದ್ದಳು, ದಾಟುವ ಧೈರ್ಯ ಆಗಿರಲಿಲ್ಲ. ಬತ್ತಿ ಇಸಿದುಕೊಂಡು ನಾನೇ ಹಚ್ಚಿದೆ. ಹನ್ನೆರಡು ದಿನವೂ ಹಚ್ಚುವವನಿದ್ದೆ, ಅವನು ಅದೇ ಸಂಜೆ ತಿರುಗಿ ಬಂದ. ಕರಾರಿನ ಪ್ರಕಾರ ಅಂದಿನಿಂದ ಗುಡಿ ನನ್ನದು, ಆದರೂ ನಾನು ಕೇಳಲಿಲ್ಲ. ತಿಳಿದರೆ ಅಣ್ಣ ಉಳಿಯುವುದಿಲ್ಲ ಅಂತ ಹೆದರಿ ಅಕ್ಕನಿಂದ ಆಣೆ ಮಾಡಿಸಿಕೊಂಡೆ. 
ಈಗ ದೀಪ ನಾನೇ ಹಚ್ಚುತ್ತಿದ್ದೇನೆ. ಮೊದಲ ಸಲ ಅಲ್ಲವಾದ್ದರಿಂದ ಕೈ ನಡುಗಲಿಲ್ಲ.’

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ತಿಳಿದಿಲ್ಲ. ಅಡಿಕೆ ಕತ್ತರಿಸುತ್ತ ಕೂತ ಆ ಮನುಷ್ಯ ಒಂದು ಮಾತು ಆಡಬಾರದಿತ್ತೇ? ಎಲ್ಲವನ್ನೂ ಅಳೆದು ಕಲಿಸಿದ ಮಾಸ್ತರರು ಆ ಓಣಿ ದಾಟಿ ಒಂದು ಮಾತು ಕೇಳಬಾರದಿತ್ತೇ? ನಾನು ಎಷ್ಟೋ ಸಲ ದಾಟಿದ ಓಣಿ ಅದು. ಎಂಟು ಹೆಜ್ಜೆ.

ಕಾರ್ಡನ್ನು ಕಿಸೆಗೆ ಹಾಕಿಕೊಂಡು ತರಗತಿಗೆ ಹೋದೆ. ಹೊಸ ನಕಾಶೆಯನ್ನು ಬಿಚ್ಚಿ ನೆಲಕ್ಕೆ ಹಾಸಿದೆ, ಉತ್ತರವನ್ನು ಉತ್ತರಕ್ಕೆ ಕೂಡಿಸಿದೆ. ಅದೂ ಅಂಗುಲಕ್ಕೆ ಹತ್ತು ಮೈಲಿಯದೇ. ಹೆಬ್ಬೆರಳನ್ನು ಲಕ್ಷ್ಮೇಶ್ವರದ ಮೇಲೆ ಊರಿ ಕೈ ಅಗಲ ಮಾಡಿದೆ. ಮಕ್ಕಳು ಸುತ್ತ ಬಗ್ಗಿ ನೋಡುತ್ತಿದ್ದರು.

“ಒಂದ ಗೇಣ ಐತ್ರಿ ಸಮುದ್ರಾ” ಅಂದಳು ಒಬ್ಬ ಹುಡುಗಿ.

“ಹೌದವಾ, ಅಷ್ಟೇ ಐತಿ” ಅಂದೆ.